ಸರೋವರದ ನಡುವೆ ಒಂದು ಬಾಳೆದಿಂಡು

(2024ರ ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಮಹಿಳಾ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ದಾರಿ ತಪ್ಪಿ ಎಲ್ಲೆಲ್ಲೋ ಹೋದ ಕಡೆ ಕತ್ತರಿ ಹಾಕಿದ್ದೇನೆ, ಎಲ್ಲ ಕಡೆಯೂ ಅಲ್ಲ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಕ್ರೀಡಾಪಟು’ ಅಂತ ಅಚ್ಚು ಹಾಕಿಸಿದ್ದೀರಿ. ಬೆಳಿಗ್ಗೆ ಅಮ್ಮ ಅದನ್ನು ಓದಿ, “ಇದ್ಯಾರೇ, ನಿನ್ನ ಹೆಸರಿನವಳೇ ಇನ್ನೊಬ್ಬಳು?” ಅಂದಳು. ಅವಳ ತಪ್ಪೇನಿಲ್ಲ. ಶಾಲೆಯಲ್ಲಿ ನನಗೆ ಬಂದ ಬಹುಮಾನ ಒಂದೇ ಒಂದು, ಲಿಂಬೆಹಣ್ಣು-ಚಮಚದ ಓಟದಲ್ಲಿ ಮೂರನೆಯ ಸ್ಥಾನ. ಓಡಿದವರು ನಾಲ್ಕೇ ಜನ. ನಾಲ್ಕನೆಯವಳ ಲಿಂಬೆಹಣ್ಣು ಬಿದ್ದಿತ್ತು.

ಹಾಗಾಗಿ ಇವತ್ತು ಗೆದ್ದ ಕಥೆ ಹೇಳಲು ಬಂದಿಲ್ಲ. ಹದಿನಾರು ವರ್ಷದ ಹಿಂದೆ, 2008ರ ಆಗಸ್ಟಿನ ಒಂದು ಭಾನುವಾರ, ಅಮೆರಿಕದ ಸಿಯಾಟಲ್‌ನಲ್ಲಿ ಹೆಂಗಸರಿಗೆಂದೇ ನಡೆದ ಟ್ರಯಥ್ಲಾನ್ ಒಂದರಲ್ಲಿ ನಾನು 2 ಗಂಟೆ 21 ನಿಮಿಷ ಏನೇನು ಮಾಡಿದೆ, ಏನೇನು ಆಯಿತು ಅನ್ನುವುದನ್ನು ಹೇಳುತ್ತೇನೆ. ಅದರಲ್ಲಿ ಒಂದು ಹತ್ತು ನಿಮಿಷದ್ದೇ ಹೆಚ್ಚು ಹೇಳುತ್ತೇನೆ. ಉಳಿದದ್ದು ಅದರ ಹಿಂದೆ ಮುಂದೆ.

ಟ್ರಯಥ್ಲಾನ್ ಅಂದರೆ ಮೂರು ಪಂದ್ಯ ಅಲ್ಲ, ಒಂದೇ ಪಂದ್ಯ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಗಡಿಯಾರ ನಿಲ್ಲುವುದಿಲ್ಲ. ನೀರಿಂದ ಎದ್ದು ಬಂದು ಒದ್ದೆ ಕಾಲಿಗೆ ಸಾಕ್ಸ್ ಏರಿಸಲು ಒದ್ದಾಡುತ್ತೀರಲ್ಲ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಒಲಿಂಪಿಕ್ಸ್‌ನಲ್ಲಿ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಐರನ್‌ಮ್ಯಾನ್ ಅಂತ ಹೆಸರು ಕೇಳಿರುತ್ತೀರಿ. ಅದರಲ್ಲಿ ಈಜು 3.8, ಸೈಕಲ್ 180, ಅದರ ಮೇಲೆ ಪೂರ್ತಿ ಮ್ಯಾರಥಾನ್, ಅಂದರೆ 42 ಕಿಲೋಮೀಟರ್ ಚಿಲ್ಲರೆ ಓಟ. ನಾನು ಮಾಡಿದ್ದು ಇವೆಲ್ಲಕ್ಕಿಂತ ಚಿಕ್ಕದು. ಅರ್ಧ ಮೈಲಿ ಈಜು, ಹನ್ನೆರಡು ಮೈಲಿ ಸೈಕಲ್, ಮೂರು ಮೈಲಿ ಚಿಲ್ಲರೆ ಓಟ. ನಮ್ಮ ಲೆಕ್ಕದಲ್ಲಿ 800 ಮೀಟರ್, ಸುಮಾರು 20 ಕಿಲೋಮೀಟರ್, 5 ಕಿಲೋಮೀಟರ್.

ಚಿಕ್ಕದು ಅಂದೆ. ಈಜು ಬಾರದವಳಿಗೆ 800 ಮೀಟರ್ ನೀರು ಚಿಕ್ಕದಲ್ಲ.

ನಾನು ಹುಟ್ಟಿದ್ದು ತುಂಗೆಯ ದಡದಲ್ಲಿ. ಅಣ್ಣಂದಿರು ಇಬ್ಬರೂ ಏಳೆಂಟು ವರ್ಷಕ್ಕೇ ಈಜು ಕಲಿತರು. ಕಲಿಸಿದವರು ಯಾರೂ ಇಲ್ಲ. ತೋಟದಲ್ಲಿ ಗೊನೆ ಕಡಿದ ಮೇಲೆ ಉಳಿದ ಬಾಳೆದಿಂಡೇ ಅವರ ಗುರು. ಒಂದು ತುಂಡು ತಬ್ಬಿಕೊಂಡು ನೀರಿಗೆ ಬೀಳುವುದು, ಕಾಲು ಬಡಿಯುವುದು, ನಾಲ್ಕು ದಿನಕ್ಕೆ ದಿಂಡು ತನ್ನಷ್ಟಕ್ಕೆ ಬಿಟ್ಟುಹೋಗುವುದು. ನಾನು ದಡದ ಮೇಲೆ ಅವರ ಬಟ್ಟೆ ಕಾಯುತ್ತಿದ್ದೆ. ಯಾರೂ ನನಗೆ ‘ಬೇಡ’ ಅಂದ ನೆನಪಿಲ್ಲ, ನಿಜ ಹೇಳಬೇಕೆಂದರೆ. ಬೇಡ ಅನ್ನಬೇಕಾದ ಪ್ರಸಂಗವೇ ಬರಲಿಲ್ಲ. ಹುಡುಗಿ ನೀರಿಗಿಳಿಯುವುದು ಬಟ್ಟೆ ಒಗೆಯಲಿಕ್ಕೆ, ಮೊಣಕಾಲಿನವರೆಗೆ. ಅಷ್ಟೇ.

ಆಮೇಲೆ ಓದು, ಮದುವೆ, ಗಂಡನ ಕೆಲಸದ ಹಿಂದೆ ಸಿಯಾಟಲ್. ಸುತ್ತ ನೀರೇ ನೀರು ಇರುವ ಊರು ಅದು. ಮಗನನ್ನು ಈಜು ತರಗತಿಗೆ ಬಿಟ್ಟು ನಾನು ಕೊಳದ ಬದಿಯ ಬೆಂಚಿನ ಮೇಲೆ ಅವನ ಟವೆಲ್ ಹಿಡಿದು ಕೂರುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು: ತುಂಗೆಯ ದಡ ಬಿಟ್ಟು ಇಷ್ಟು ವರ್ಷ ಕಳೆದರೂ ನಾನು ಇನ್ನೂ ಬಟ್ಟೆ ಕಾಯುತ್ತಲೇ ಇದ್ದೇನಲ್ಲ! ಮಾರನೆಯ ವಾರ ದೊಡ್ಡವರ ಬೆಳಗಿನ ತರಗತಿಗೆ ಹೆಸರು ಬರೆಸಿದೆ. ಆಗ ನನಗೆ ನಲವತ್ತೊಂದು.

ಈಜಿನಲ್ಲಿ ಕಷ್ಟ ಕೈಕಾಲಿನದಲ್ಲ, ಉಸಿರಿನದು. ನಾವೆಲ್ಲ ನೀರಿಗೆ ಮುಖ ಹಾಕಿದ ಕೂಡಲೇ ಉಸಿರು ಕಟ್ಟುತ್ತೇವೆ. ಹಾಗೆ ಕಟ್ಟಿದ್ದನ್ನು ಮೇಲೆ ಬಂದಾಗ ಬಿಟ್ಟು, ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ಮುಖ ಮತ್ತೆ ನೀರೊಳಗೆ. ಹತ್ತು ಸಲ ಹೀಗಾದರೆ ಸಾಕು, ಎದೆ ಬಡಿದುಕೊಳ್ಳಲು ಶುರು. ಉಸಿರನ್ನು ನೀರೊಳಗೇ ಗುಳುಗುಳು ಅಂತ ಬಿಡಬೇಕು, ಮುಖ ಪಕ್ಕಕ್ಕೆ ತಿರುಗಿದಾಗ ಬರೀ ಎಳೆದುಕೊಳ್ಳಬೇಕು. ಇದೊಂದು ಮಾತು ನನ್ನ ಮಿದುಳಿಗೆ ಗೊತ್ತಾಗಲು ಒಂದು ನಿಮಿಷ ಸಾಕಾಯಿತು, ಮೈಗೆ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಈ ಪಂದ್ಯದ ಬಗ್ಗೆ ಹೇಳಿದ್ದು ಅಲ್ಲಿನ ಜೊತೆಗಾತಿಯೊಬ್ಬಳು. ‘ಡ್ಯಾನ್ಸ್‌ಕಿನ್’ ಅನ್ನುವುದು ಹೆಂಗಸರ ಉಡುಪಿನ ಕಂಪನಿ. ಅದರ ಹೆಸರಿನಲ್ಲಿ 1990ರಿಂದ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಹೆಂಗಸರ ಟ್ರಯಥ್ಲಾನ್ ನಡೆಯುತ್ತಿದ್ದವು. ಆ ಹೆಸರಿನ ಸರಣಿ ಈಗಿಲ್ಲ. ಮೊದಲು ಕೇಳಿದಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ಹೆಂಗಸರಿಗೇ ಬೇರೆ ಅಂದರೆ ರಿಯಾಯಿತಿ ದರದ ಮಾಲು ಇರಬೇಕು ಅನ್ನಿಸಿತು. ಹೆಸರು ಬರೆಸಿದ ಮೇಲೆ ಕೊಟ್ಟ ಚೀಲದ ತುಂಬ ಗುಲಾಬಿ ಬಣ್ಣ ನೋಡಿದಾಗ ಆ ಅನುಮಾನ ಇನ್ನೂ ಗಟ್ಟಿಯಾಯಿತು. ಗುಲಾಬಿ ಬಣ್ಣದ ಮೇಲೆ ನನಗೆ ಈಗಲೂ ಸಿಟ್ಟಿದೆ, ಇರಲಿ.

ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾದದ್ದು ಬೇರೆ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಅಂತಿಮ ಸುತ್ತಿನಲ್ಲಿ ಒಂಬತ್ತು ಜನ, ಒಂಬತ್ತೂ ಜನ ಮುಗಿಸಿದರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯನ್ನೇ ಮಾಡಿದಳು. ಆದರೆ ಪತ್ರಿಕೆಗಳು ಬರೆದದ್ದು, ಪಾಪ ಹೆಂಗಸರು ಕುಸಿದು ಬಿದ್ದರು ಅಂತ. 800 ಮೀಟರ್ ಓಡಿ ಯಾವ ಗಂಡಸು ಕುಸಿಯುವುದಿಲ್ಲ ಹೇಳಿ! ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ಕ್ಕೆ.

ಇದಕ್ಕೆ ಹೋಲಿಸಿದರೆ ಟ್ರಯಥ್ಲಾನ್ ಪುಣ್ಯವಂತ ಆಟ, ಯಾಕೆಂದರೆ ಅದು ಹುಟ್ಟಿದ್ದೇ ತಡವಾಗಿ. 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟ ಹದಿನೈದೂ ಜನ ಗಂಡಸರೇ. ಆದರೆ ಆ ಪಂದ್ಯದ ಯೋಚನೆ ಹುಟ್ಟಿಸಿದ ಗಂಡಹೆಂಡಿರಲ್ಲಿ ಹೆಂಡತಿ ಜೂಡಿ ಕಾಲಿನ್ಸ್ ಕೂಡ ಇದ್ದಳು. ಮರುವರ್ಷವೇ ಲಿನ್ ಲೆಮೇರ್ ಅನ್ನುವವಳು ಒಬ್ಬಳೇ ಹೆಂಗಸಾಗಿ ಇಳಿದು, ಗಂಡಸರನ್ನೂ ಸೇರಿಸಿದ ಲೆಕ್ಕದಲ್ಲಿ ಐದನೆಯವಳಾಗಿ ಮುಗಿಸಿದಳು. ಸಿಡ್ನಿ ಒಲಿಂಪಿಕ್ಸ್‌ಗೆ ಈ ಆಟ ಸೇರಿದಾಗ, 2000ದ ಸೆಪ್ಟೆಂಬರ್ 16ರಂದು, ಮೊದಲು ನಡೆದದ್ದು ಹೆಂಗಸರದು. ಗಂಡಸರದು ಮಾರನೆಯ ದಿನ. ದೂರ ಇಬ್ಬರಿಗೂ ಒಂದೇ. ಮೊನ್ನೆ 2023ರ ಅಕ್ಟೋಬರಿನಲ್ಲಂತೂ ಹವಾಯಿಯ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಪೂರ್ತಿ ಹೆಂಗಸರದೇ. ಎರಡು ಸಾವಿರಕ್ಕೂ ಹೆಚ್ಚು ಜನ. ಬ್ರಿಟನ್ನಿನ ಲೂಸಿ ಚಾರ್ಲ್ಸ್-ಬಾರ್ಕ್ಲೇ ಗೆದ್ದಳು. ಅವಳಿಗೆ ಯಾರೂ ರಿಯಾಯಿತಿ ಕೊಟ್ಟಿರಲಿಲ್ಲ.

ಸರಿ, ನನ್ನ ಭಾನುವಾರಕ್ಕೆ ಬರೋಣ.

ಬೆಳಗಿನ ಜಾವ ಎದ್ದು ಒಂದು ಬಟ್ಟಲು ಮೊಸರವಲಕ್ಕಿ ತಿಂದೆ. ಜೊತೆಗಾತಿಯರು ಏನೇನೋ ಪೊಟ್ಟಣದ ಅಂಟು ನುಂಗುತ್ತಿದ್ದರು. ನನ್ನ ಜೇಬಿನಲ್ಲಿ ಶೇಂಗಾ ಚಿಕ್ಕಿ ಇತ್ತು. ಸೈಕಲ್ ನಿಲ್ಲಿಸುವ ಮೈದಾನ ನೋಡಿ ಎದೆ ಝಲ್ಲೆಂದಿತು. ಸಾಲು ಸಾಲು ಕಬ್ಬಿಣದ ಕಂಬಿ, ಅದಕ್ಕೆ ನೇತುಹಾಕಿದ ನೂರಾರು ಸೈಕಲ್ಲು. ಒದ್ದೆ ಮೈಯಲ್ಲಿ, ತಲೆ ತಿರುಗುತ್ತಿರುವಾಗ ನಮ್ಮದನ್ನು ಹುಡುಕುವುದು ಹೇಗೆ? ಕೆಲವರು ಬಲೂನು ಕಟ್ಟಿದ್ದರು. ನಾನು ಗುಳೇದಗುಡ್ಡದ ಖಣದ ಒಂದು ತುಂಡು ತಂದು ಕಂಬಿಗೆ ಕಟ್ಟಿದೆ. ಕಡುಗೆಂಪು ಖಣ, ಹಸಿರು ಅಂಚು. ಅಷ್ಟು ದೊಡ್ಡ ಮೈದಾನದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಆಮೇಲೆ ತೋಳಿನ ಮೇಲೆ, ಕಾಲಿನ ಮೇಲೆ ದಪ್ಪ ಮಾರ್ಕರಿನಲ್ಲಿ ನಂಬರು ಬರೆದರು. ಮೀನಖಂಡದ ಮೇಲೆ ವಯಸ್ಸು. ಅದೂ ಇವತ್ತಿನ ವಯಸ್ಸಲ್ಲ, ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೋ ಅದು. ನನಗೆ ನಲವತ್ತೆರಡು, ಬರೆದದ್ದು 43. ವಯಸ್ಸು ಬಚ್ಚಿಡುವ ನಮ್ಮಂಥವರ ಕಾಲಿನ ಮೇಲೆಯೇ ಅದನ್ನು, ಒಂದು ಹೆಚ್ಚೇ ಸೇರಿಸಿ, ಬರೆದು ಊರು ಸುತ್ತಿಸುತ್ತಾರೆ!

ವಯಸ್ಸಿನ ಪ್ರಕಾರ ತಂಡ, ತಂಡಕ್ಕೊಂದು ಬಣ್ಣದ ಟೋಪಿ. ಕೆಲವು ನಿಮಿಷಕ್ಕೊಂದು ತಂಡವನ್ನು ನೀರಿಗೆ ಬಿಡುತ್ತಾರೆ. ಸ್ತನ ಕ್ಯಾನ್ಸರಿನಿಂದ ಎದ್ದು ಬಂದವರದೇ ಒಂದು ತಂಡವಿತ್ತು. ಅವರು ಇಳಿಯುವಾಗ ದಡದಲ್ಲಿದ್ದವರೆಲ್ಲ ಸುಮ್ಮನಾಗಿ, ಆಮೇಲೆ ಒಮ್ಮೆಲೇ ಕೂಗಿದರು. ಎದುರಿಗೆ ಲೇಕ್ ವಾಷಿಂಗ್ಟನ್, ದೂರದಲ್ಲಿ ಹಿಮ ಹೊದ್ದ ಮೌಂಟ್ ರೇನಿಯರ್. ನೀರು ಇಪ್ಪತ್ತು ಡಿಗ್ರಿಯ ಆಸುಪಾಸು. ನಮ್ಮ ಬಾವಿನೀರಿಗಿಂತ ಎಷ್ಟೋ ತಣ್ಣಗೆ. ರಬ್ಬರಿನ ಅಂಗಿ ಬಾಡಿಗೆಗೆ ತಂದಿದ್ದೆ. ಮೈ ಬೆಚ್ಚಗಿಡುತ್ತದೆ, ಸ್ವಲ್ಪ ತೇಲಿಸುತ್ತದೆ ಕೂಡ. ಆದರೆ ಮುಖಕ್ಕೆ ಅಂಗಿ ಇಲ್ಲವಲ್ಲ.

ಹೊರಟ ಎರಡನೆಯ ನಿಮಿಷಕ್ಕೆ ಯಾರದೋ ಹಿಮ್ಮಡಿ ನನ್ನ ಕಣ್ಣಿಗೆ ಬಡಿಯಿತು. ಗಾಗಲ್ಸ್ ಜಾರಿ ಹಣೆಗೆ ಹೋಯಿತು, ನೀರು ಮೂಗಿಗೆ ನುಗ್ಗಿತು. ಕೊಳದಲ್ಲಾದರೆ ಕೆಳಗೆ ನೀಲಿ ಗೆರೆ ಕಾಣುತ್ತದೆ, ಕೈಚಾಚಿದರೆ ಗೋಡೆ. ಇಲ್ಲಿ ಕೆಳಗೆ ನೋಡಿದರೆ ಹಸಿರುಗಪ್ಪು, ಏನೂ ಇಲ್ಲ. ಎಂಟು ತಿಂಗಳ ಕಲಿಕೆ ಎಂಟು ಸೆಕೆಂಡಿನಲ್ಲಿ ಮರೆತುಹೋಯಿತು. ಉಸಿರು ಕಟ್ಟಿದೆ. ಆಮೇಲೆ ನಾಯಿ ಏದುಸಿರು ಬಿಡುವ ಹಾಗೆ ಬಿಡತೊಡಗಿದೆ. ತಣ್ಣೀರು ಮುಖಕ್ಕೆ, ಎದೆಗೆ ತಗುಲಿದಾಗ ಮೈ ತಾನಾಗಿಯೇ ಹಾಗೆ ಏದುಸಿರು ತೆಗೆಯುತ್ತದೆ, ಒಂದೆರಡು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಹೊರಡುವ ಮೊದಲು ಮುಖ ಮುಳುಗಿಸಿ ರೂಢಿ ಮಾಡಿಕೊಳ್ಳಿ ಅಂತ ಹೇಳಿರುತ್ತಾರೆ. ನಾನು ತಲೆಗೂದಲು ಸರಿಮಾಡಿಕೊಳ್ಳುತ್ತಾ ನಿಂತಿದ್ದೆ.

ಸತ್ತೆ ಅಂದುಕೊಂಡೆ. ಉತ್ಪ್ರೇಕ್ಷೆ ಅಲ್ಲ. ಮಗ ದಡದಲ್ಲಿ ನನ್ನ ಟವೆಲ್ ಹಿಡಿದು ನಿಂತಿದ್ದಾನೆ ಅನ್ನುವುದು ನೆನಪಾಯಿತು.

ಆಗ ಪಕ್ಕದಲ್ಲಿ ಒಂದು ಬಾಳೆದಿಂಡು ಬಂತು.

ಅದು ಬಾಳೆದಿಂಡಲ್ಲ, ಸ್ಪಂಜಿನಂಥ ಹಗುರ ಪದಾರ್ಥದ ಉದ್ದನೆಯ ಕೊಳವೆ. ಅಲ್ಲಿ ಅದನ್ನು ನೂಡಲ್ ಅನ್ನುತ್ತಾರೆ. ಆದರೆ ಅದೇ ಉದ್ದ, ಅದೇ ದುಂಡು, ತಬ್ಬಿಕೊಂಡರೆ ಅದೇ ಥರ ನೀರು ಚಿಮ್ಮಿಸುತ್ತಾ ಮೇಲೇಳುವ ಗುಣ. ಅದನ್ನು ಹಿಡಿದಿದ್ದವಳು ಐವತ್ತೈದರ ಹೆಂಗಸು. ಈ ಪಂದ್ಯದಲ್ಲಿ ಅಂಥವರನ್ನು ಈಜು ದೇವತೆಯರು ಅನ್ನುತ್ತಿದ್ದರು. ಅವರು ಸ್ಪರ್ಧಿಗಳಲ್ಲ, ಸ್ವಯಂಸೇವಕಿಯರು. ಹೆದರಿದವರ ಜೊತೆ ಈಜುತ್ತಾ ಇರುವುದು ಅವರ ಕೆಲಸ. ನಾನು ಎರಡೂ ಕೈಯಲ್ಲಿ ತಬ್ಬಿದೆ. ಅವಳು ಮೊದಲು ಕೇಳಿದ ಪ್ರಶ್ನೆ, ಬೆಳಿಗ್ಗೆ ಏನು ತಿಂದೆ ಅಂತ! ಮೊಸರವಲಕ್ಕಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ ನೋಡಿ, ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ಬಿಟ್ಟೆ. ಏದುಸಿರು ಇಳಿಯಿತು. ಇಷ್ಟು ವರ್ಷವಾದರೂ ಅವಳ ಜಾಣತನಕ್ಕೆ ಕೈಮುಗಿಯುತ್ತೇನೆ.

“ನಾನು ಔಟಾ?” ಅಂತ ಕೇಳಿದೆ. ಅವಳು ನಕ್ಕಳು. ಅಲ್ಲಿನ ನಿಯಮ ಹೇಳಿದಳು. ದಣಿದರೆ ದೋಣಿ, ತೇಲುಬುರುಡೆ, ಹಗ್ಗ, ಏನನ್ನು ಬೇಕಾದರೂ ಹಿಡಿದು ನಿಲ್ಲಬಹುದು, ಎಷ್ಟು ಹೊತ್ತು ಬೇಕಾದರೂ. ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು, ಅಷ್ಟೇ.

ನನಗೆ ಆ ನಿಯಮ ಬಹಳ ಹಿಡಿಸಿತು. ಆಮೇಲೂ ಅದರ ಬಗ್ಗೆ ಯೋಚಿಸಿದ್ದೇನೆ. ನಮ್ಮಲ್ಲಿ ಆಸರೆ ಹಿಡಿದವಳು ಸೋತವಳು ಅನ್ನುವ ಲೆಕ್ಕ. ಅಲ್ಲಿನ ಲೆಕ್ಕ ಬೇರೆ. ನಿಂತದ್ದಕ್ಕೆ ದಂಡವಿಲ್ಲ, ಎಳೆಸಿಕೊಂಡದ್ದಕ್ಕೆ ಮಾತ್ರ ದಂಡ. 1982ರ ಐರನ್‌ಮ್ಯಾನ್‌ನಲ್ಲಿ ಜೂಲಿ ಮಾಸ್ ಅನ್ನುವ ಹುಡುಗಿ ಮೊದಲನೆಯವಳಾಗಿ ಬರುತ್ತಿದ್ದವಳು, ಕೊನೆಯ ಗೆರೆ ಕಣ್ಣೆದುರಿಗೇ ಇರುವಾಗ ಕಾಲು ಸೋತು ಬಿದ್ದಳು. ಕ್ಯಾಥ್ಲೀನ್ ಮೆಕ್‌ಕಾರ್ಟ್ನಿ ಅವಳನ್ನು ದಾಟಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ಹೋಗಿ, 29 ಸೆಕೆಂಡು ತಡವಾಗಿ ಗೆರೆ ಮುಟ್ಟಿದಳು. ಟಿವಿಯಲ್ಲಿ ಅಮೆರಿಕಕ್ಕೆ ಅಮೆರಿಕವೇ ಅದನ್ನು ನೋಡಿತು. ಗೆದ್ದವಳಿಗಿಂತ ತೆವಳಿದವಳನ್ನು ನೋಡಿ ಈ ಆಟಕ್ಕೆ ಬಂದವರೇ ಹೆಚ್ಚು ಅನ್ನುತ್ತಾರೆ. ಗೆದ್ದವಳಿಗೆ ಇದು ಅನ್ಯಾಯ ಅಂತಲೂ ನನಗೆ ಅನ್ನಿಸುತ್ತದೆ.

ಮೂರು ಸಲ ದಿಂಡು ಹಿಡಿದೆ. ನಡುನಡುವೆ ಈಜಿದೆ. ದಿಕ್ಕು ತಪ್ಪದ ಹಾಗೆ ಮೊಸಳೆಯಂತೆ ಕಣ್ಣು ಮಾತ್ರ ನೀರಿನ ಮೇಲೆತ್ತಿ ಕಿತ್ತಳೆ ಬಣ್ಣದ ತೇಲುಬುರುಡೆ ನೋಡುತ್ತಾ. 31 ನಿಮಿಷ. ದಡ ಹತ್ತುವಾಗ ತಿರುಗಿ ನೋಡಿದೆ. ಅವಳು ಆಗಲೇ ಇನ್ನೊಬ್ಬಳ ಹತ್ತಿರ ಹೋಗಿಬಿಟ್ಟಿದ್ದಳು. ಹೆಸರೂ ಕೇಳಿರಲಿಲ್ಲ.

ಖಣ ಕಾಣಿಸಿತು. ರಬ್ಬರಿನ ಅಂಗಿ ಬಿಚ್ಚುವುದು ಮಾತ್ರ ಕೈಗೆ ಬಿಗಿಯಾದ ಹಸಿರು ಬಳೆ ತೆಗೆದ ಹಾಗೆ. ಅದಕ್ಕೇ ಏಳು ನಿಮಿಷ ಹೋಯಿತು. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಹಾಕಿ ಬಕಲ್ ಬಿಗಿಯಬೇಕು, ಇಲ್ಲವಾದರೆ ತಪ್ಪು ಬರೆಯುತ್ತಾರೆ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಮೂರು ಸೈಕಲ್ಲಿನಷ್ಟು ಅಂತರ, ದಾಟುವುದಾದರೆ ಹದಿನೈದು ಸೆಕೆಂಡಿನಲ್ಲಿ ದಾಟಿಬಿಡಬೇಕು. ಇಲ್ಲೂ ಅದೇ ನ್ಯಾಯ ನೋಡಿ, ಇನ್ನೊಬ್ಬರು ನಿಮ್ಮನ್ನು ಎಳೆಯಬಾರದು.

ಸೈಕಲ್ ದಾರಿ ಹೋದದ್ದು ಹೆದ್ದಾರಿಯ ಸೇತುವೆಯ ಮೇಲೆ. ಆ ಸೇತುವೆ ತೇಲುವಂಥದ್ದು! ಸರೋವರ ತುಂಬ ಆಳ, ತಳದಲ್ಲಿ ಮೆತ್ತನೆಯ ಕೆಸರು, ಕಂಬ ನೆಡಲಾಗುವುದಿಲ್ಲ. ಅದಕ್ಕೇ ಒಳಗೆ ಟೊಳ್ಳಿರುವ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆಗಳನ್ನು ತೇಲಿಬಿಟ್ಟು ಮೇಲೆ ರಸ್ತೆ ಮಾಡಿದ್ದಾರೆ. ಕಾಂಕ್ರೀಟೇ ತೇಲುವಾಗ ನಾನು ಮುಳುಗಲು ಹೊರಟಿದ್ದೆನಲ್ಲ ಅಂತ ನಗು ಬಂತು. ಅದರ ಪಕ್ಕದ ಹಳೆಯ ಸೇತುವೆ 1990ರ ನವೆಂಬರಿನಲ್ಲಿ, ರಿಪೇರಿ ನಡೆಯುತ್ತಿರುವಾಗಲೇ, ಮುಳುಗಿಯೇ ಹೋಗಿತ್ತು ಅಂತ ಗಂಡ ಹೇಳಿದ್ದು ಪಂದ್ಯ ಮುಗಿದ ಮೇಲೆ. ಪುಣ್ಯ.

ಏರಿನಲ್ಲಿ ಚೈನು ಬಿತ್ತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಹಾಕುತ್ತಿದ್ದಾಗ ಪಕ್ಕದಲ್ಲೇ ಒಬ್ಬಳು ಸರ್ರನೆ ಹೋದಳು. ಮೀನಖಂಡ ನೋಡಿದೆ: 67. ಅವಳ ಹಿಂದೆ ಬಿದ್ದೆ, ಸಿಗಲಿಲ್ಲ. ಸೈಕಲ್ ಮುಗಿಯುವವರೆಗೂ ಆ ಎರಡು ಅಂಕಿ ನನ್ನ ಮುಂದೆ ಮುಂದೆ ಹೋಗುತ್ತಲೇ ಇದ್ದವು. 58 ನಿಮಿಷ.

ಓಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಸೈಕಲ್ಲಿನಿಂದ ಇಳಿದ ಕಾಲು ನಮ್ಮದಾಗಿರುವುದಿಲ್ಲ. ಎರಡು ಕೊರಡು ಕಟ್ಟಿಕೊಂಡ ಹಾಗೆ. ಹತ್ತು ನಿಮಿಷ ಹೋದ ಮೇಲೆ ರಕ್ತ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಚಿಕ್ಕಿ ತಿಂದೆ. ನಡೆದೆ, ಓಡಿದೆ, ನಡೆದೆ. ಒಟ್ಟು 2 ಗಂಟೆ 21 ನಿಮಿಷ.

ನಾನು ಕೊನೆಯವಳಲ್ಲ. ಯಾರೂ ಕೊನೆಯವಳಾಗುವಂತೆಯೇ ಇರಲಿಲ್ಲ. ಈ ಸರಣಿಯ ಮುಖವಾಣಿಯಾಗಿದ್ದವಳು ಸ್ಯಾಲಿ ಎಡ್ವರ್ಡ್ಸ್. 1980ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟವನ್ನು ಹೆಂಗಸರಲ್ಲಿ ಗೆದ್ದ ಗಟ್ಟಿಗಿತ್ತಿ. ಅಂಥವಳು ಈ ಪಂದ್ಯಗಳಲ್ಲಿ ಬೇಕೆಂದೇ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಕೊನೆಯ ಜಾಗ ತನ್ನದು ಅಂತ ಮೊದಲೇ ಸಾರಿ ಹೇಳಿಬಿಡುತ್ತಿದ್ದಳು, ಬೇರೆ ಯಾರಿಗೂ ಆ ಭಯ ಇರಬಾರದು ಅಂತ. ಮೊದಲ ಸ್ಥಾನ ಬಿಟ್ಟುಕೊಟ್ಟವರ ಕಥೆ ನಾವು ಪುರಾಣದಲ್ಲಿ ಕೇಳಿದ್ದೇವೆ. ಕೊನೆಯ ಸ್ಥಾನವನ್ನು ಹಟಹಿಡಿದು ತನಗೇ ಇಟ್ಟುಕೊಂಡವಳನ್ನು ನಾನು ಇವಳೊಬ್ಬಳನ್ನೇ ಕಂಡದ್ದು.

ಸಾಕು, ಗಂಟೆ ನೋಡುತ್ತಿದ್ದೀರಿ. ಪ್ರಶ್ನೆ ಇದ್ದರೆ ಕೇಳಿ.

(ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.)

ಮುಂದಿನ ಸಾಲಿನ ಒಬ್ಬರು ಎದ್ದು, “ನೀರಿಗಿಳಿಯುವಾಗ ತಾಳಿ ಏನು ಮಾಡಿದೆ ತಂಗಿ?” ಅಂತ ಕೇಳಿದರು. ಹಿಂದಿನ ರಾತ್ರಿಯೇ ತೆಗೆದು ದೇವರ ಮುಂದಿನ ಅರಿಶಿನದ ಬಟ್ಟಲಲ್ಲಿ ಇಟ್ಟಿದ್ದೆ ಅಂದೆ. ಯಜಮಾನರು ಇಡೀ ದಿನ ಗಟ್ಟಿಮುಟ್ಟಾಗಿಯೇ ಇದ್ದರು ಅಂತಲೂ ಸೇರಿಸಿದೆ.

ಆಮೇಲೆ ಕಿಟಕಿಯ ಪಕ್ಕ ಕೂತಿದ್ದ ಅಜ್ಜಿಯೊಬ್ಬರು, ಎಂಬತ್ತರ ಮೇಲಿನವರು, ಕೂತಲ್ಲಿಂದಲೇ ಮಾತಾಡಿದರು. “ಹೆಣ್ಣುಮಕ್ಕಳು ಮೊಣಕಾಲ ನೀರಿಗೆ ಮಾತ್ರ ಇಳೀತಿದ್ರು ಅಂದ್ಯಲ್ಲ, ಅದು ಸುಳ್ಳು. ನಾನು ಕೊಡ ಕಟ್ಕೊಂಡು ಹೊಳೆ ದಾಟ್ತಿದ್ದೆ.” ಸಭೆ ಅವರ ಕಡೆ ತಿರುಗಿತು. ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ತಾಮ್ರದ ಖಾಲಿ ಕೊಡವನ್ನು ಬೋರಲಾಗಿ ನೀರಿಗೆ ಒತ್ತಬೇಕು, ಒಳಗಿನ ಗಾಳಿ ಹೋಗಬಾರದು. ಅದರ ಮೇಲೆ ಎದೆ ಊರಿ ಕಾಲು ಬಡಿಯುತ್ತಾ ಹೋಗಬೇಕು. ಅವರ ಹಳ್ಳಿಗೆ ಸೇತುವೆ ಇರಲಿಲ್ಲ, ಆಚೆ ದಡದಲ್ಲಿ ಗೆಳತಿಯ ಮನೆ. ಬೇಸಿಗೆಯ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ ಹೋಗಿ ಬರುತ್ತಿದ್ದರಂತೆ.

ನನಗೆ ತಡೆಯಲಾಗಲಿಲ್ಲ. “ಅಜ್ಜಿ, ನಮ್ಮ ಪಂದ್ಯದಲ್ಲಾದರೆ ನೀವು ಔಟ್. ಕೊಡ ಹಿಡಿದು ನಿಲ್ಲಬಹುದಿತ್ತು, ಮುಂದೆ ಹೋಗುವ ಹಾಗಿರಲಿಲ್ಲ” ಅಂದೆ.

“ಕೊಡ ಎಲ್ಲಿ ಮುಂದೆ ಹೋಗ್ತದೆ ಮಾರಾಯ್ತಿ?” ಅಂದರು ಅಜ್ಜಿ. “ಹೋಗ್ತಿದ್ದದ್ದು ನಾನು. ಕೊಡನೂ ನಾನೇ ತಗೊಂಡು ಹೋಗ್ಬೇಕಿತ್ತು.”